ಕ್ಷಮಿಸುವ ಕೋಲಿಗಾಗಿ ಅಲೆದದ್ದು

ನನಗೆ ಯಾವ ವಿದ್ಯೆ ಬರುವುದಿಲ್ಲವೋ ಅದರ ಮೇಲೆಯೇ ನನ್ನ ಅನ್ನ ನಿಂತಿರುತ್ತದೆ. ಒಂದು ಸಲ ಆದರೆ ಆಕಸ್ಮಿಕ ಅನ್ನಬಹುದು; ನನಗೆ ಇದು ಆಗುತ್ತಲೇ ಇರುತ್ತದೆ. ಮೈಸೂರಿನಲ್ಲಿ ಮೊದಲ ಕೆಲಸ ಸಿಕ್ಕಾಗ ದಿನವಿಡೀ ಸ್ಕೂಟರಿನಲ್ಲಿ ಸುತ್ತಬೇಕಿತ್ತು, ನನಗೆ ಸೈಕಲ್ಲೂ ಬರುತ್ತಿರಲಿಲ್ಲ. ನೈರೋಬಿಗೆ ಬಂದಮೇಲೆ ಅದೇ ಶನಿ ಗಾಲ್ಫಿನ ವೇಷ ಹಾಕಿಕೊಂಡು ಬಂತು.

೧. ಭಾನುವಾರದ ಪರೀಕ್ಷೆ

ಮೊಬೈಲಿಗೆ ಸ್ಕ್ರ್ಯಾಚ್ ಕಾರ್ಡ್ ಉಜ್ಜಿ ದುಡ್ಡು ತುಂಬಿಸುತ್ತಿದ್ದ ಕಾಲ. ಒಂದು ಪೇಂಟ್ ಕಂಪನಿಯ ಲ್ಯಾಬಿನಲ್ಲಿ ನನಗೆ ಎರಡು ವರ್ಷದ ಕರಾರಿನ ಕೆಲಸ. ಕರಾರು ಮುಗಿಯುವ ಹೊತ್ತಿಗೆ ನಮ್ಮ ದೊಡ್ಡ ಸಾಹೇಬರು ಒಂದು ಭಾನುವಾರ ಗಾಲ್ಫಿಗೆ ಕರೆಯುತ್ತಾರೆ, ಇಟ್ಟುಕೊಳ್ಳುವುದೋ ಬಿಡುವುದೋ ಅಂತ ಸೋಮವಾರ ಹೇಳುತ್ತಾರೆ, ಇದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ನಾನು ಆರು ತಿಂಗಳಿಂದ ಕೋಲುಗಳ ಬಾಡಿಗೆ ಸೆಟ್ ಹಿಡಿದು ಹುಲ್ಲು ಕೀಳುತ್ತಿದ್ದೆ. ಮಗಳ ಸ್ಕೂಲು ಇಲ್ಲೇ, ಮೈಸೂರಿನ ಮನೆಯನ್ನು ಬಾಡಿಗೆಗೆ ಕೊಟ್ಟಾಗಿದೆ. ಕರಾರು ಮುಂದುವರಿಯದಿದ್ದರೆ ಎಲ್ಲಿಗೆ ಹೋಗುವುದು?

ಕೊನೆಗೆ ಕರೆ ಬಂತು. ಇನ್ನು ಮೂರು ವಾರಕ್ಕೆ ಆಟ. ಆಫೀಸಿನ ಹಿರಿಯರೊಬ್ಬರು ಪಕ್ಕಕ್ಕೆ ಕರೆದು ಹೇಳಿದರು: "ಚೆಂಡು ದೂರ ಹೋಗದಿದ್ದರೂ ಪರವಾಗಿಲ್ಲ. ಮರಳಿನ ಗುಂಡಿ ಇರುತ್ತದಲ್ಲ, ಅಲ್ಲಿ ಬಿದ್ದರೆ ಮಾತ್ರ ಕಷ್ಟ. ನಿನಗಿಂತ ಮುಂಚೆ ಇದ್ದ ಕೊಯಮತ್ತೂರಿನವನು ಅಲ್ಲೇ ಸಿಕ್ಕಿಹಾಕಿಕೊಂಡ."

"ಆಮೇಲೆ ಗುಂಡಿಯಿಂದ ಹೊರಗೆ ಬಂದನಾ?"

"ಅದು ನೆನಪಿಲ್ಲ. ದೇಶದಿಂದ ಹೊರಗೆ ಹೋದ."

೨. ಮನೆಯವಳ ಅಭಿಪ್ರಾಯ

ಮರಳಿನಿಂದ ಚೆಂಡು ಎತ್ತಿಹಾಕುವ ಕೋಲಿಗೆ ವೆಜ್ ಅನ್ನುತ್ತಾರೆ. ಅದರಲ್ಲಿ 'ಫರ್ಗಿವಿಂಗ್' ಅಂತ ಒಂದು ಜಾತಿ ಇದೆ. ಅದನ್ನು ಹಿಡಿದು ಅಡ್ಡಾದಿಡ್ಡಿ ಬೀಸಿದರೂ ಚೆಂಡು ಮರ್ಯಾದೆಯಾಗಿ ಎದ್ದು ಹೋಗುತ್ತದಂತೆ. ನನಗೆ ಬೇಕಾದದ್ದೇ ಅದು. ಅಂಥದೊಂದನ್ನು ಕೊಳ್ಳುತ್ತೇನೆ ಅಂತ ರಾತ್ರಿ ಊಟಕ್ಕೆ ಕೂತಾಗ ಹೇಳಿದೆ.

"ಹಾಗಂದ್ರೆ?" ಅಂದಳು ಹೆಂಡತಿ.

"ತಪ್ಪು ಹೊಡೆದರೂ ಕ್ಷಮಿಸೋ ಕೋಲು."

"ಅಪ್ಪಾ, ಜಸ್ಟ್ ಬೈ ಒನ್," ಅಂದಳು ಮಗಳು, ತಟ್ಟೆಯಿಂದ ತಲೆ ಎತ್ತದೆ.

ಹೆಂಡತಿ ಇನ್ನೊಂದು ಸೌಟು ಸಾರು ಬಡಿಸಿ ಹೇಳಿದಳು: "ಕೋಲು ಕ್ಷಮಿಸಿದರೆ ಏನು ಬಂತು? ಕ್ಷಮಿಸಬೇಕಾದವರು ನಿಮ್ಮ ಸಾಹೇಬರು."

೩. ಬಾಯಿ ತೆರೆದು ಕೇಳಿದ ಉಪದೇಶ

ನೈರೋಬಿಯ ವೆಸ್ಟ್‌ಲ್ಯಾಂಡ್ಸ್ ಬಡಾವಣೆಯಲ್ಲಿ ನಮ್ಮ ಕಡೆಯ ಒಬ್ಬ ಹಲ್ಲಿನ ಡಾಕ್ಟರಿದ್ದರು. ಬೆಂಗಳೂರಿನವರು, ದೊಡ್ಡ ಗಾಲ್ಫ್ ಹುಚ್ಚು. ಚಿಂತೆಯಿಂದ ರಾತ್ರಿಯೆಲ್ಲ ಹಲ್ಲು ಕಡಿದು ಕಡಿದು ನನ್ನ ದವಡೆ ಹಲ್ಲು ನೋಯಲು ಶುರುವಾಗಿತ್ತು. ಹೋದೆ. ಕುರ್ಚಿಯಲ್ಲಿ ಒರಗಿಸಿ, ಬಾಯಿ ತೆರೆಸುವ ಮುಂಚೆ "ಏನ್ರೀ ಇಷ್ಟು ಟೆನ್ಷನ್ನು?" ಅಂದರು. ವೆಜ್ ಸಂಗತಿ ಹೇಳಿಬಿಟ್ಟೆ. ಆ ಮೇಲೆ ಬಾಯಿ ತೆರೆಸಿದರು.

"ಕ್ಷಮಿಸೋ ವೆಜ್ ಎಲ್ಲ ಸುಮ್ನೆ ಕಣ್ರೀ. ಕೈ ಸೋಮಾರಿ ಆಗುತ್ತೆ. ತೆಳ್ಳಗಿರೋದು ತಗೋಬೇಕು. ತಪ್ಪು ಹೊಡೆದ್ರೆ ಮೊಣಕೈವರೆಗೂ ಝುಮ್ ಅನ್ನಬೇಕು, ಆಗ ಬುದ್ಧಿ ಬರೋದು," ಅನ್ನುತ್ತಾ ಡಾಕ್ಟರು ಡ್ರಿಲ್ ಕೈಗೆತ್ತಿಕೊಂಡರು. ಆ ಸ್ಥಿತಿಯಲ್ಲಿ ನೋವಿನ ಮಹಿಮೆ ಕೇಳುವುದು ಯಾರಿಗೂ ಬೇಡ.

"ನನ್ನ ಹಳೇದೊಂದು ಇದೆ, ಕೊಡ್ಲಾ?"

ಬಾಯಲ್ಲಿ ಹತ್ತಿ, ನಳಿಗೆ, ಕನ್ನಡಿ. ಬೇಡ ಅನ್ನಲು ನಾಲಿಗೆಗೆ ಜಾಗವಿಲ್ಲ. ತಲೆ ಅಲ್ಲಾಡಿಸೋಣವೆಂದರೆ ಡ್ರಿಲ್ ತಿರುಗುತ್ತಿದೆ. ಸುಮ್ಮನೆ ಕೂತೆ. ಮೌನಂ ಸಮ್ಮತಿ ಲಕ್ಷಣಂ ಅಂತ ಡಾಕ್ಟರು ಕಾರಿನ ಡಿಕ್ಕಿಯಿಂದ ತಂದು ಕೊಟ್ಟೇಬಿಟ್ಟರು. ಹಲ್ಲು ಕೀಳಿಸಿಕೊಂಡು ಬನ್ನಿ ಅಂತ ಕಳಿಸಿದ್ದ ಹೆಂಡತಿ ನನ್ನನ್ನು ಬಾಗಿಲಲ್ಲಿ ಕಂಡು, "ಹಲ್ಲು ಇಷ್ಟುದ್ದ ಇತ್ತಾ?" ಅಂದಳು.

೪. ಅಗೆಯದ ಕೋಲು

ಇನ್ನೊಂದು ಅಭಿಪ್ರಾಯ ಇರಲಿ ಅಂತ ಸ್ಪ್ರಿಂಗ್ ವ್ಯಾಲಿ ಬಡಾವಣೆಯಲ್ಲಿದ್ದ ಮಂಗಳೂರಿನ ಅಂಕಲ್ ಒಬ್ಬರ ಮನೆಗೆ ಹೋದೆ. ಬ್ಯಾಂಕಿನಿಂದ ನಿವೃತ್ತರಾದವರು, ಅವರಿಗೂ ಗಾಲ್ಫ್ ಹುಚ್ಚು, ಇಲ್ಲಿ ನೆಲೆಸಿ ಮೂವತ್ತು ವರ್ಷವಾಗಿತ್ತು. ಡಾಕ್ಟರ ತೆಳ್ಳಗಿನ ವೆಜ್ ನೋಡಿ, ಹಳಸಿದ ಮೀನು ಕಂಡವರಂತೆ ಮುಖ ಹಿಂಡಿದರು.

"ಎಂತ ಮಾರಾಯ, ಇದು ಈಳಿಗೆಮಣೆಯ ಹಾಗೆ ಉಂಟು. ಮರಳಿಗೆ ಹೊಡೆದರೆ ಸೀದಾ ಒಳಗೆ ಇಳೀತದೆ. ಅಗಲ ತಳದ್ದು ಬೇಕು. ಅದು ಅಗೆಯುವುದೇ ಇಲ್ಲ, ಮೇಲಿಂದ ಜಾರಿಕೊಂಡು ಹೋಗ್ತದೆ. ಬಾ, ತೋರಿಸ್ತೇನೆ."

ಹಿತ್ತಿಲಿಗೆ ಕರೆದುಕೊಂಡು ಹೋಗಿ, ಮೆತ್ತಗಿನ ಮಣ್ಣು ಹುಡುಕಿ, ಚೆಂಡಿಟ್ಟು, ತಮ್ಮ ಅಗಲ ತಳದ ವೆಜ್ ಬೀಸಿದರು. ಚೆಂಡು ಅಲ್ಲೇ ಇತ್ತು. ಆಂಟಿ ಊರಿಂದ ಕಡ್ಡಿ ತಂದು ಚಪ್ಪರ ಕಟ್ಟಿ ಬೆಳೆಸಿದ್ದ ಬಸಳೆ ಮಾತ್ರ ಬೇರು ಸಮೇತ ಮೇಲೆ ಬಂತು.

ಸದ್ದು ಕೇಳಿ ಆಂಟಿ ಅಡಿಗೆಮನೆಯಿಂದ ಬಂದರು. ಮೊದಲು ಕೊಂಕಣಿಯಲ್ಲಿ ಗಂಡನಿಗೆ ಏನೋ ಹೇಳಿದರು. ನನಗೆ ಭಾಷೆ ಗೊತ್ತಿಲ್ಲದಿದ್ದರೂ ಅರ್ಥವಾಯಿತು. ಆಮೇಲೆ ಬಸಳೆಯನ್ನು ಕಂತೆ ಕಟ್ಟಿ ನನ್ನ ಕೈಗೆ ಕೊಟ್ಟರು. "ತಗೊಂಡು ಹೋಗಿ ಸಾಂಬಾರು ಮಾಡಿ. ಆ ಕೋಲನ್ನೂ ತಗೊಂಡು ಹೋಗಿ. ಇಲ್ಲಿದ್ದರೆ ಇವರು ನಾಳೆ ಅರಸಿನ ಗಿಡದ ಬುಡದಲ್ಲಿ ತೋರಿಸ್ತಾರೆ."

೫. ಆಯುಧಪೂಜೆ

ಆ ವಾರದಲ್ಲೇ ಆಯುಧಪೂಜೆ ಬಂತು. ಕಾರು, ಮಿಕ್ಸಿ, ಇಸ್ತ್ರಿಪೆಟ್ಟಿಗೆಯ ಜೊತೆಗೆ ಹೆಂಡತಿ ಎರಡು ವೆಜ್‌ಗಳನ್ನೂ ಒರಗಿಸಿ, ಗಂಧ ಹಚ್ಚಿ, ಅವುಗಳ ಮುಖದ ನಟ್ಟನಡುವೆ ಗುಂಡಗೆ ಕುಂಕುಮದ ಬೊಟ್ಟಿಟ್ಟಳು. ಕಣ್ಣು ಮುಚ್ಚಿ ಬಹಳ ಹೊತ್ತು ಕೈಮುಗಿದಳು. ಮಿಕ್ಸಿಗೆ ಅಷ್ಟು ಹೊತ್ತು ಕೈಮುಗಿದದ್ದನ್ನು ನಾನು ಕಂಡಿಲ್ಲ. ಅವಳಿಗೂ ನನ್ನಷ್ಟೇ ಭಯವಿದೆ ಅಂತ ಆವತ್ತು ಗೊತ್ತಾಯಿತು.

ಮಾರನೇ ದಿನ ಅಭ್ಯಾಸಕ್ಕೆ ಹೋದೆ. ಎರಡು ವೆಜ್‌ನಲ್ಲೂ ಒಂದೊಂದು ಬುಟ್ಟಿ ಚೆಂಡು ಹೊಡೆದೆ. ಪಕ್ಕದಲ್ಲಿ ಆಡುತ್ತಿದ್ದ ಡಾಕ್ಟರು ಬಂದು ಎರಡೂ ವೆಜ್ ಇಸಕೊಂಡು ನೋಡಿದರು. ಕೋಲಿನ ಕತ್ತಿಗೆ, ತುದಿಗೆ, ಅಂಚಿಗೆ ಎಲ್ಲ ಕಡೆ ಚೆಂಡು ತಾಗಿದ ಗುರುತು. "ಚೆಂಡು ತಾಗಬೇಕಾದ್ದು ಈ ಬೊಟ್ಟಿಟ್ಟಿದೀರಲ್ಲ, ಇಲ್ಲಿ. ಎರಡು ಬುಟ್ಟಿ ಹೊಡೆದಿದೀರಿ, ಒಂದೂ ಇದಕ್ಕೆ ತಾಗಿಲ್ವಲ್ರೀ," ಅಂದರು. ಯಾವ ಕೋಲು ತಾನೇ ಇಂಥದನ್ನು ಕ್ಷಮಿಸೀತು ಅಂತ ಕುಗ್ಗಿ ಮನೆಗೆ ಬಂದೆ.

ಹೆಂಡತಿ ವೆಜ್ ನೋಡಿದವಳೇ ಕಣ್ಣಿಗೆ ಒತ್ತಿಕೊಂಡಳು. "ಇಷ್ಟು ಹೊಡೆದರೂ ಕುಂಕುಮ ಅಳಿಸಿಲ್ಲ ನೋಡಿ. ಒಳ್ಳೇ ಶಕುನ."

೬. ಗುಂಡಿಯಲ್ಲಿ ಇಬ್ಬರು

ಆಟದ ಭಾನುವಾರ ಹೋಗಿ ನೋಡಿದರೆ ಸಾಹೇಬರ ಖಾಯಂ ಜೊತೆಗಾರರು ಯಾರು? ಅದೇ ಡಾಕ್ಟರು, ಅದೇ ಅಂಕಲ್. ನನ್ನ ಚೀಲದಲ್ಲಿ ಇಬ್ಬರ ವೆಜ್‌ಗಳೂ ಇವೆ. ಒಬ್ಬರದು ತೆಗೆದರೆ ಇನ್ನೊಬ್ಬರಿಗೆ ಬೇಸರ. ಇಬ್ಬರೂ ಸಾಹೇಬರ ಕಿವಿಗೆ ಹತ್ತಿರ. ಹದಿನೆಂಟು ಹೋಲಿನ ಆಟ; ಹದಿನೇಳರವರೆಗೆ ನಾನು ಹುಲ್ಲಿನಲ್ಲೇ ಕಾಲ ತಳ್ಳಿದೆ. ಹದಿನೆಂಟರಲ್ಲಿ ನನ್ನ ಚೆಂಡು ಮರಳಿಗೆ ಬಿತ್ತು. ಅದರ ಪಕ್ಕದಲ್ಲೇ ಸಾಹೇಬರದೂ ಬಿತ್ತು.

ಮೊದಲು ಸಾಹೇಬರು ಇಳಿದರು. ಹೊಡೆದರು. ಮರಳು ಹಾರಿತು, ಚೆಂಡು ಹಾರಲಿಲ್ಲ. "ಪೋಲೆ, ಸರ್," ಅಂತ ಚೀಲ ಹೊರುವ ಕ್ಯಾಡಿ ಕನಿಕರದಿಂದ ಹೇಳಿದ; ಸ್ವಾಹಿಲಿಯಲ್ಲಿ 'ಅಯ್ಯೋ ಪಾಪ' ಅಂದ ಹಾಗೆ. ಮತ್ತೆ ಹೊಡೆದರು. ಮತ್ತೆ ಪೋಲೆ. ಸಾಹೇಬರು ಹೊಡೆಯುತ್ತಲೇ ಇದ್ದರು. ಡಾಕ್ಟರು ಆಕಾಶ ನೋಡತೊಡಗಿದರು, ಅಂಕಲ್ ಬೂಟಿನ ದಾರ ಬಿಚ್ಚಿ ಕಟ್ಟಿದರು. ಕಡೆಗೆ ಕ್ಯಾಡಿಯೂ ಪೋಲೆ ಅನ್ನುವುದನ್ನು ನಿಲ್ಲಿಸಿದ. ಸಾಹೇಬರು ಚೆಂಡನ್ನು ಕೈಯಲ್ಲಿ ಎತ್ತಿಕೊಂಡು ಮೇಲೆ ಬಂದು, ಕರ್ಚೀಫಿನಿಂದ ಕಣ್ಣಿನ ಮರಳು ಒರೆಸಿಕೊಳ್ಳುತ್ತಾ ನಿಂತರು.

ನನ್ನ ಸರದಿ. ಡಾಕ್ಟರು, ಅಂಕಲ್ ಇಬ್ಬರ ಕಣ್ಣೂ ನನ್ನ ಚೀಲದ ಮೇಲೆ. ನಾನು ಚೀಲದ ಕಡೆ ನೋಡದೆ ಕೈಹಾಕಿ ಸಿಕ್ಕಿದ್ದನ್ನು ಎಳೆದು, ಮನೆದೇವರನ್ನು ನೆನೆದು ಬೀಸಿದೆ. ಚೆಂಡು ಅಡ್ಡಕ್ಕೆ ಹಾರಿ, ಮರಳು ಸಮ ಮಾಡಲು ಇಟ್ಟಿದ್ದ ಕುಂಟೆಗೆ ಬಡಿದು, ಮೇಲಕ್ಕೆ ಚಿಮ್ಮಿ, ಉರುಳುತ್ತಾ ಹೋಗಿ ಗುರಿಯ ಬಾವುಟದ ಪಕ್ಕ ನಿಂತಿತು. ಸಾಹೇಬರು ಕರ್ಚೀಫ್ ತೆಗೆದು ಕಣ್ಣು ಬಿಟ್ಟದ್ದು ಆಗ.

"ಅದು ಯಾರ ಚೆಂಡು?" ಅಂತ ಇಂಗ್ಲಿಷಿನಲ್ಲಿ ಕೇಳಿದರು.

"ನನ್ನದು ಸರ್."

"ನಾನು ಹೇಳಿಕೊಟ್ಟದ್ದು," ಅಂದರು ಡಾಕ್ಟರು. "ನಾನು," ಅಂದರು ಅಂಕಲ್. ಸಾಹೇಬರು ನನ್ನ ಕೈ ನೋಡಿದರು, ನಾನೂ ನೋಡಿದೆ. ಅದು ಇಬ್ಬರ ವೆಜ್ಜೂ ಅಲ್ಲ. ಬಾಡಿಗೆ ಸೆಟ್ಟಿನ ಏಳನೇ ನಂಬರಿನ ಕೋಲು. ಮರಳಿನಲ್ಲಿ ಅದನ್ನು ಯಾರೂ ಹಿಡಿಯುವುದಿಲ್ಲ.

"ವೆಜ್ ಕೂಡ ಇಲ್ಲದೆ," ಅಂದರು ಸಾಹೇಬರು, ಮೆಲ್ಲಗೆ.

ಸೋಮವಾರ ಕರೆದರು. ಬಾಗಿಲು ಹಾಕಿಸಿ, "ಇಷ್ಟು ವರ್ಷದಿಂದ ಆಡುತ್ತಿದ್ದೇನೆ, ಆ ಮರಳಿನಿಂದ ಒಂದು ಸಲವೂ ಸರಿಯಾಗಿ ಹೊರಗೆ ಬಂದಿಲ್ಲ. ನನಗೆ ಅದನ್ನು ಕಲಿಸುವ ತನಕ ನೀನು ಎಲ್ಲಿಗೂ ಹೋಗುವಂತಿಲ್ಲ," ಅಂದರು. ಅಲ್ಲಿಂದ ಪ್ರತಿ ಭಾನುವಾರ ಬೆಳಿಗ್ಗೆ ಮರಳಿನಲ್ಲಿ ಸಾಹೇಬರು, ದಡದಲ್ಲಿ ಗುರುವಾಗಿ ನಾನು. ಒಂದು ವಾರ ಡಾಕ್ಟರು ಹೇಳಿದ್ದನ್ನು ಹೇಳುತ್ತಿದ್ದೆ, ಮರುವಾರ ಅಂಕಲ್ ಹೇಳಿದ್ದನ್ನು. ಎಲ್ಲಿ ಎರಡರಲ್ಲಿ ಒಂದು ನಿಜವಾಗಿಬಿಡುತ್ತದೋ ಅನ್ನುವುದೊಂದೇ ಭಯ.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿರುತ್ತಿದ್ದಳು.

"ಏನಾಯ್ತು? ಹೊರಗೆ ಬಂದ್ರಾ?"

"ಇಲ್ಲ. ಇನ್ನೂ ಮರಳಲ್ಲೇ ಇದ್ದಾರೆ."

"ಸದ್ಯ. ಕೈಕಾಲು ತೊಳ್ಕೊಂಡು ಬನ್ನಿ, ಊಟಕ್ಕೆ ಹಾಕ್ತೀನಿ."