ಮಿಸ್ ಕಾಲಿನಲ್ಲಿ ಕರೆದ ನಿಶ್ಚಯ

ಇಡೀ ಬಳಗಕ್ಕೆ ನಯಾಪೈಸೆ ಖರ್ಚಿಲ್ಲದೆ ಸುದ್ದಿ ಮುಟ್ಟಿಸುವ ವಿಧಾನವನ್ನು ಬನಹಟ್ಟಿಯಲ್ಲಿ ಕಂಡುಹಿಡಿದವನು ನಾನೇ. ಶಾಲೆಯಲ್ಲಿ ಗಣಿತ ಕಲಿಸುವವನಿಗೆ ಇದು ದೊಡ್ಡ ಮಾತೇನಲ್ಲ.

ಎಲ್ಲರ ಕೈಗೂ ಆಗಷ್ಟೇ ಮೊಬೈಲ್ ಬಂದಿತ್ತು. ನನ್ನ ತಂಗಿಯ ನಿಶ್ಚಯಕ್ಕೆ ಬೀಳಗಿಯಿಂದ ಬೀಗರು ಬರಬೇಕು. ಹುಡುಗನ ಅಜ್ಜನಿಗೆ ಜ್ವರ. ಬರುವುದು ಬಿಡುವುದು ಅಂದು ಬೆಳಗ್ಗೆಯೇ ಗೊತ್ತಾಗಬೇಕು. ಆದ್ದರಿಂದ ನಮ್ಮ ಬಳಗಕ್ಕೆಲ್ಲ ಮೊದಲೇ ನಿಯಮ ಸಾರಿದ್ದೆ. ಒಂದು ಮಿಸ್ ಕಾಲ್ ಬಂದರೆ ಹೊರಡಬೇಕು. ಎರಡು ಬಂದರೆ ರದ್ದು. ತಮಗೆ ಬಂದದ್ದನ್ನು ಪ್ರತಿಯೊಬ್ಬರೂ ತಮ್ಮ ಹತ್ತಿರದವರಿಗೆ ಹಾಗೆಯೇ ದಾಟಿಸಬೇಕು. ಫೋನ್ ಮಾತ್ರ ಯಾರೂ ಎತ್ತಕೂಡದು!

"ಎಲ್ಲಾರಿಗೂ ಫೋನ್ ಹಚ್ಚಿ ಬಾಯಿಲೆ ಹೇಳಿದ್ರ ಆಗೂದಿಲ್ಲೇನ್ರಿ?" ಎಂದಳು ಹೆಂಡತಿ. "ಹುಡುಗಿ ಕಡೆ ಮಂದೀನ ಇಲ್ಲಂದ್ರ ಸಂಬಂಧ ಮುರದೀತು."

"ಇದು ಲೆಕ್ಕ. ನಿನಗ ತಿಳಿಯೂದಿಲ್ಲ."

ಬೆಳಗ್ಗೆ ಬೀಗರಿಂದ "ಹೊಂಟೀವ್ರಿ" ಎಂದು ಸುದ್ದಿ ಬಂತು. ಮಹಾಲಿಂಗಪುರದ ಸೋದರಮಾವನಿಗೊಂದು, ಚಿಗವ್ವನಿಗೊಂದು ಮಿಸ್ ಕಾಲ್ ಕೊಟ್ಟು ನಿಶ್ಚಿಂತೆಯಿಂದ ಗಡ್ಡ ಮಾಡಿಕೊಂಡೆ.

ಬೀಗರು ಟ್ರ್ಯಾಕ್ಸ್ ಗಾಡಿ ತುಂಬ ಬಂದರು. ನಮ್ಮ ಕಡೆ ನಾನು, ಹೆಂಡತಿ, ತಂಗಿ. ಉಳಿದದ್ದು ಖಾಲಿ ಜಮಖಾನೆ ಮತ್ತು ಬುಟ್ಟಿಗಟ್ಟಲೆ ಹೋಳಿಗೆ!

ಹಿತ್ತಲಿಗೆ ಓಡಿ ಮಾವನಿಗೆ ಫೋನ್ ಹಚ್ಚಿದೆ.

"ನಿಂದೊಂದ ಬಂತು. ಆಮ್ಯಾಲ ನಿಮ್ಮ ಚಿಗವ್ವಂದೊಂದ ಬಂತು. ಎರಡಾತಲ್ಲೋ! ಉಟ್ಟಿದ್ದ ಧೋತರಾ ಬಿಚ್ಚಿಟ್ಟ ಕುಂತೀನಿ," ಎಂದ ಮಾವ.

ನಮ್ಮಲ್ಲಿ ಹೆಣ್ಣು ಕೊಡುವುದು ತರುವುದು ಹೆಚ್ಚಾಗಿ ಒಳಗೊಳಗೇ. ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೆ ಎರಡು ಮೂರು ಕಡೆಯಿಂದ ಹತ್ತಿರದವರು. ಒಂದೇ ಮಿಸ್ ಕಾಲ್ ಬಂದವರು ಇಡೀ ಬಳಗದಲ್ಲಿ ಒಬ್ಬರೂ ಇರಲಿಲ್ಲ. ಈ ಮಾವನ ಮಗಳನ್ನೇ ಕಟ್ಟಿಕೊಂಡಿರುವ ನನಗೆ ಇದು ಹೊಳೆದಿರಲಿಲ್ಲ.

ಅಷ್ಟರಲ್ಲಿ ರಬಕವಿಯ ಸೋದರತ್ತೆ ಬಂದಳು. ಎದೆ ಬಡಿದುಕೊಳ್ಳುತ್ತ ಬಂದಳು!

"ಮದಿವಿ ನೋಡದ ಹೋದ್ಯಾ ಯಪ್ಪಾ!"

"ಯಾರ ಹೋದ್ರಬೇ?" ಎಂದು ಕೇಳಿದರು, ಜಮಖಾನೆಯ ನಡುವೆ ಕುಳಿತಿದ್ದ ಮುದುಕರೊಬ್ಬರು.

"ಹುಡುಗನ ಅಜ್ಜರಿ. ಆರು ಮಿಸ್ ಕಾಲ್ ಬಂದಾವ. ಆರಂದ್ರ ಮತ್ತೇನ್ರಿ?"

"ಆ ಅಜ್ಜ ನಾನ."

ತಂಗಿ ಅಡುಗೆಮನೆ ಬಾಗಿಲಲ್ಲಿ ಅಳುತ್ತಿದ್ದಳು. ನನಗೆ ನಿಜವಾಗಿ ಭಯವಾಯಿತು. ಅಜ್ಜನ ಮುಂದೆ ಕುಳಿತು ನನ್ನ ವಿಧಾನವನ್ನು ಮೊದಲಿನಿಂದ ವಿವರಿಸಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು.

"ಹುಡುಗಿ ನಮಗ ಮನಸಿಗೆ ಬಂದಾಳ. ಸಂಬಂಧ ಗಟ್ಟಿ," ಎಂದರು. "ಆದ್ರ ಮದಿವಿಗೆ ನಿಮ್ಮ ಕಡೆ ಮಂದೀನೂ ನಾವ ಕರೀತೀವಿ. ನೀವೇನೂ ಮಾಡಬ್ಯಾಡ್ರಿ."

ಹಾಗೆಯೇ ಆಯಿತು. ಮದುವೆಗೆ ನನ್ನನ್ನೂ ಕರೆದರು.