ಜೀಪಿಗೆ ಮುನ್ನೂರು ಕೆ.ಜಿ.

ಗೊಟ್ಟಿಗೆರೆಯ ಮೂರನೇ ಕ್ರಾಸಿನಲ್ಲಿ ಯಾರೋ ಹೇಳದೆ ಕೇಳದೆ ಹಾಕಿಸಿದ ಒಂದು ಹಂಪು ಸೋಮಲಿಂಗಪ್ಪನ ಗ್ರಹಚಾರಕ್ಕೆ ಮೂಲವಾಯಿತು. ಅದಕ್ಕೆ ಬಿಳಿ ಬಣ್ಣ ಬಳಿದಿರಲಿಲ್ಲ. ಕಳೆದ ಭಾನುವಾರ ಸೋಮಲಿಂಗಪ್ಪ ಹೆಂಡತಿ ಕಮಲಾದೇವಿಯನ್ನು ತನ್ನ ಹಳೇ ಜೀಪಿನಲ್ಲಿ ಕೂರಿಸಿಕೊಂಡು ಅದೇ ದಾರಿಯಲ್ಲಿ ಬಂದ. ಜೀಪು ಹಂಪು ಹತ್ತಿ ಇಳಿಯಿತು. ಕಮಲಾದೇವಿ ಮಾತ್ರ ಜೀಪಿನ ಜೊತೆ ಹತ್ತಿ, ಸ್ವಲ್ಪ ಹೊತ್ತು ಮೇಲೆಯೇ ಇದ್ದು, ಟಾಪಿನ ಕಂಬಿಗೆ ತಲೆ ಬಡಿಸಿಕೊಂಡು, ಆಮೇಲೆ ಇಳಿದಳು. ಇಳಿಯುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತ್ತು.

ಜೀಪು ಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಜಯನಗರದ ಖಾಸಗಿ ಕಾಲೇಜೊಂದರಲ್ಲಿ ಹೆಡ್ ಕ್ಲರ್ಕ್ ಆಗಿ ಇಪ್ಪತ್ಮೂರು ವರ್ಷ ಅಡ್ಮಿಷನ್ ಫಾರಂಗಳಿಗೆ ಸೀಲು ಒತ್ತಿದ ಸೋಮಲಿಂಗಪ್ಪನಿಗೆ, ಒಮ್ಮೆಯಾದರೂ ಚಕ್ರಕ್ಕೆ ಕೆಸರು ಮೆತ್ತಿಕೊಂಡು ಬೆಟ್ಟ ಹತ್ತಬೇಕು ಎಂಬ ಆಸೆ. ಅದೇ ಆಫೀಸಿನ ಅಕೌಂಟೆಂಟ್ ಶಿವರಾಮ್ ಒಂದು ಜೀಪ್ ಗುಂಪು ಕಟ್ಟಿಕೊಂಡು ತಿಂಗಳಿಗೊಮ್ಮೆ ಕನಕಪುರದ ಕಡೆ ಬೆಟ್ಟ ಹತ್ತುತ್ತಿದ್ದ. ಈ ಭಾನುವಾರದ ಪಟ್ಟಿಯಲ್ಲಿ ಮೊದಲ ಸಲ ಸೋಮಲಿಂಗಪ್ಪನ ಹೆಸರಿತ್ತು. ಅದನ್ನವನು ಆಫೀಸಿನಲ್ಲಿ ಜವಾನನಿಂದ ಪ್ರಿನ್ಸಿಪಾಲರವರೆಗೆ ಎಲ್ಲರಿಗೂ ಹೇಳಿಯಾಗಿತ್ತು.

ಕಮಲಾದೇವಿ ನಾಲ್ಕು ದಿನ ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ಯೋಚನೆ ಮಾಡಿ ಐದನೇ ದಿನ ತೀರ್ಪು ಕೊಟ್ಟಳು. ಶನಿವಾರ ಸಂಜೆ ಆರು ಗಂಟೆಗೆ ಜಯನಗರ ಫೋರ್ತ್ ಬ್ಲಾಕಿನ ಹಾಲ್‌ನಲ್ಲಿ ಅವಳ ಅಕ್ಕನ ಮಗಳ ನಿಶ್ಚಿತಾರ್ಥ.

"ಇದೇ ಜೀಪಲ್ಲಿ ಕರ್ಕೊಂಡು ಹೋಗಿ. ಇಳಿದಾಗ ನನ್ ಸೊಂಟ ನೋಯದೆ ಇದ್ರೆ ಭಾನುವಾರ ನಿಮ್ ಬೆಟ್ಟಕ್ಕೆ ಹೋಗಿ. ನೋಯ್ತೋ, ಸೋಮವಾರ ಜೀಪು ಮಾರಿ," ಅಂದಳು.

ಸಸ್ಪೆನ್ಷನ್ನು, ಟೈರು ಎರಡನ್ನೂ ಬದಲಾಯಿಸಬೇಕು ಅಂತ ಸೋಮಲಿಂಗಪ್ಪ ಅಲ್ಲೇ ನಿರ್ಧರಿಸಿದ. ಶಿವರಾಮ್‌ನನ್ನು ಕೇಳಿದರೆ, ಒಳ್ಳೇ ಸೆಟ್ಟು ಹಾಕಿಸಲು ಒಂದೂವರೆ ಲಕ್ಷ ಬೇಕು, ಮೊದಲು ಸ್ಪ್ರಿಂಗ್ ಹಾಕಿಸಿ ಒಂದು ತಿಂಗಳು ಓಡಿಸಿ ನೋಡು, ಆಮೇಲೆ ಅದಕ್ಕೆ ತಕ್ಕ ಟೈರು ಹುಡುಕು ಅಂದ. ಸೋಮಲಿಂಗಪ್ಪನ ಕೈಯಲ್ಲಿದ್ದದ್ದು ಮೂವತ್ತೈದು ಸಾವಿರ ಮತ್ತು ಎರಡು ದಿನ. ಕರೆಂಟ್ ಬಿಲ್ಲಿನ ಹಿಂಭಾಗದಲ್ಲಿ ಸ್ಪ್ರಿಂಗಿಗೆ ಇಷ್ಟು, ಟೈರಿಗೆ ಇಷ್ಟು ಅಂತ ಬರೆದುಕೊಂಡು, ಶನಿವಾರ ಬೆಳಗ್ಗೆ ಏಳೂವರೆಗೇ ತಿಲಕ್ ನಗರದ ಸಿದ್ದರಾಜುವಿನ ಗ್ಯಾರೇಜಿನ ಮುಂದೆ ಹೋಗಿ ನಿಂತ.

ಸಿದ್ದರಾಜು ಮಾತು ಕಡಿಮೆಯ ಮೆಕ್ಯಾನಿಕ್ಕು. ಜೀಪಿನ ಕೆಳಗೆ ಹೋಗಿ ಬಂದು, ಹಳೇ ಸ್ಪ್ರಿಂಗ್ ಪ್ಲೇಟುಗಳು ಹಪ್ಪಳದ ಹಾಗೆ ಆಗಿವೆ ಅಂದ. ಬಜೆಟ್ ಕೇಳಿದ. ಕೇಳಿದ ಮೇಲೆ ಸ್ವಲ್ಪ ಹೊತ್ತು ಆಕಾಶ ನೋಡಿದ. ಆಮೇಲೆ ಒಳಗಿನಿಂದ ಒಂದು ಸೆಟ್ ಸೆಕೆಂಡ್ ಹ್ಯಾಂಡ್ ಪ್ಲೇಟುಗಳನ್ನು ಎಳೆದು ತಂದ. ಗಟ್ಟಿಮುಟ್ಟು, ಜೀಪನ್ನು ಎರಡಿಂಚು ಎತ್ತರಿಸುತ್ತೆ, ನಿಮ್ಮ ಲೆಕ್ಕಕ್ಕೆ ಸಿಗೋದು ಇದೊಂದೇ ಅಂದ. ಅದು ಯಾವ ಗಾಡಿಯದು ಅಂತ ಸೋಮಲಿಂಗಪ್ಪ ಕೇಳಲಿಲ್ಲ. ಸಿದ್ದರಾಜು ಕೇಳದ್ದನ್ನು ಹೇಳುವವನಲ್ಲ.

ಪಕ್ಕದ ಟೈರಿನಂಗಡಿಯಲ್ಲಿ ಅವನಿಗೆ ಬೇಕಾದ ಅಳತೆಯ ಟೈರಿನ ಬೆಲೆ ಬಿಲ್ಲಿನ ಹಿಂಭಾಗದಲ್ಲಿ ಬರೆದದ್ದಕ್ಕಿಂತ ಜಾಸ್ತಿಯಿತ್ತು. ಆದರೆ ಅದಕ್ಕಿಂತ ಒಂದು ಸೈಜು ದೊಡ್ಡವು, ಅರ್ಧ ಸವೆದ ನಾಲ್ಕು ಟೈರುಗಳು ಕಡಿಮೆಗೆ ಬಿದ್ದಿದ್ದವು. ಚಿಕ್ಕದಕ್ಕಿಂತ ದೊಡ್ಡದು ಅಗ್ಗವಾಗಿ ಸಿಗುವುದು ಲೋಕದಲ್ಲಿ ಅಪರೂಪ. ಸೋಮಲಿಂಗಪ್ಪ ಚೌಕಾಸಿಯನ್ನೂ ಮಾಡದೆ ಕೊಂಡ.

ಮಧ್ಯಾಹ್ನ ಎರಡಕ್ಕೆ ಕೆಲಸ ಮುಗಿಯಿತು. ಜೀಪು ಹಬ್ಬದ ದಿನದ ಹೋರಿಯ ಹಾಗೆ ತಲೆಯೆತ್ತಿ ನಿಂತಿತ್ತು. ಸೋಮಲಿಂಗಪ್ಪ ನಾಲ್ಕು ಕಡೆಯಿಂದಲೂ ಫೋಟೋ ತೆಗೆದು ಗುಂಪಿಗೆ ಕಳಿಸಿ, ಹತ್ತಿ ಕೂತು ಮನೆ ಕಡೆ ಹೊರಟ.

ಬನ್ನೇರುಘಟ್ಟ ರಸ್ತೆಗೆ ಬರುವಷ್ಟರಲ್ಲಿ ಅವನ ಮುಖ ಇಳಿದುಹೋಗಿತ್ತು. ಜೀಪು ಮೊದಲಿಗಿಂತ ಹೆಚ್ಚು ಕುಣಿಯುತ್ತಿತ್ತು. ಹಂಪು ಹಾಗಿರಲಿ, ರಸ್ತೆಯ ಮೇಲೆ ಬಳಿದ ಗೆರೆಗಳಿಗೂ ಎಗರುತ್ತಿತ್ತು. ಕಾವಲಿಯ ಮೇಲೆ ಬಿದ್ದ ಸಾಸಿವೆ ಕಾಳಿನಂತಾಗಿದ್ದ ಸೋಮಲಿಂಗಪ್ಪ ಮನೆ ಮುಂದೆ ಇಳಿದಾಗ ಅವನದೇ ಸೊಂಟ ಹಿಡಿದುಕೊಂಡಿತ್ತು. ಗೇಟಿನ ಹೊರಗೇ ನಿಂತು ಸಿದ್ದರಾಜುವಿಗೆ ಫೋನ್ ಮಾಡಿದ.

"ಅದು ಗೂಡ್ಸ್ ಗಾಡಿ ಪ್ಲೇಟು ಸಾರ್," ಅಂದ ಸಿದ್ದರಾಜು. "ಖಾಲಿ ಇದ್ರೆ ಕುಣಿಯುತ್ತೆ. ಹಿಂದೆ ಒಂದು ಮುನ್ನೂರು ಕೆ.ಜಿ. ಹಾಕಿ. ತೊಟ್ಟಿಲು ತೂಗಿದ ಹಾಗೆ ಹೋಗುತ್ತೆ."

ನಿಶ್ಚಿತಾರ್ಥಕ್ಕೆ ಹೋಗುವವನು ಮುನ್ನೂರು ಕೆ.ಜಿ. ಎಲ್ಲಿಂದ ತರಬೇಕು ಅಂತ ಸೋಮಲಿಂಗಪ್ಪ ಕೇಳುವ ಮೊದಲೇ ಆ ಕಡೆ ಫೋನ್ ಇಟ್ಟಾಗಿತ್ತು.

ಎದುರಿನ ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದರು. ಅಲ್ಲಿನ ಮೇಸ್ತ್ರಿ ನಿಂಗರಾಜನನ್ನು ಕಾಡಿ ಬೇಡಿ ಆರು ಚೀಲ ಮರಳು ಎರವಲು ತಂದು ಜೀಪಿಗೆ ಹೇರಿದ. ಮೂರನೇ ಚೀಲ ಹೇರುವಾಗ ಅದರ ಹೊಲಿಗೆ ಬಿಚ್ಚಿಕೊಂಡು ಅರ್ಧ ಮರಳು ಸೀಟಿನ ಮೇಲೆ, ಇನ್ನರ್ಧ ಅವನ ಅಂಗಿಯೊಳಗೆ ಸುರಿಯಿತು. ಬಾಗಿಲಿಗೆ ಬಂದ ಕಮಲಾದೇವಿ, ಮೈಸೂರು ಸಿಲ್ಕ್ ಉಟ್ಟುಕೊಂಡು ಮರಳಿನ ಲಾರಿಯಲ್ಲಿ ಬರುವವಳಲ್ಲ ತಾನು ಅಂತ ಹೇಳಿ ಒಳಗೆ ಹೋದಳು. ಸೋಮಲಿಂಗಪ್ಪ ಆರೂ ಚೀಲ ಇಳಿಸಿ, ಚೆಲ್ಲಿದ್ದನ್ನು ಗೋರಿ ವಾಪಸು ಕೊಟ್ಟ. ಒಂದು ಬಾಂಡ್ಲಿಯಷ್ಟು ಕಡಿಮೆಯಿದೆ ಅಂತ ನಿಂಗರಾಜ ತಕರಾರು ತೆಗೆದ.

ಇದನ್ನೆಲ್ಲ ಪಕ್ಕದ ಮನೆಯ ಉಗ್ರಪ್ಪ ಕಾಂಪೌಂಡಿಗೆ ಮೊಣಕೈ ಊರಿಕೊಂಡು ನೋಡುತ್ತಿದ್ದ. ಮೂವತ್ತೆರಡು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ಹೆಸರಿಗೆ ಉಗ್ರ, ನೋಡಲು ಅಗರಬತ್ತಿ ಕಡ್ಡಿ. ಈ ಬೀದಿಯಲ್ಲಿ ಯಾರ ಗಾಡಿ ಕೆಮ್ಮಿದರೂ ಅವನಿಗೆ ಎಚ್ಚರವಾಗುತ್ತಿತ್ತು.

"ಮರಳು ಯಾಕೆ ಸೋಮಲಿಂಗಪ್ಪನವರೇ? ಜನ ಇಲ್ವಾ?" ಅಂದ.

ಸೋಮಲಿಂಗಪ್ಪನಿಗೆ ಬೇರೆ ದಾರಿಯಿರಲಿಲ್ಲ. ಉಗ್ರಪ್ಪ ಹತ್ತೇ ನಿಮಿಷದಲ್ಲಿ ಬೀದಿಯನ್ನೆಲ್ಲ ಸುತ್ತಿ ಲೋಡು ಜೋಡಿಸಿದ. ಮೊದಲು ಅವನ ಹೆಂಡತಿ ಸಪ್ಪಲಮ್ಮ. ಆಮೇಲೆ ಮೂಲೆ ಮನೆಯ ಅಂಜನಮ್ಮ. ಅವಳ ಜೊತೆಗೆ ಹಾಲಿನ ಬೂತಿನ ಸುಧಾಮಣಿ. ಹೆಂಗಸರ ತೂಕ ಕೇಳುವ ಧೈರ್ಯ ಸೋಮಲಿಂಗಪ್ಪನಿಗಿರಲಿಲ್ಲ. ಉಗ್ರಪ್ಪ ಅವರನ್ನು ದೂರದಿಂದ ಒಂದು ಸಲ ನೋಡಿ, ಇನ್ನೂರ ನಲವತ್ತೈದು, ನಾನೊಂದು ಐವತ್ತು, ಸರಿಯಾಯ್ತು ಅಂತ ಕಿವಿಯಲ್ಲಿ ಹೇಳಿದ.

ಮೂವರಿಗೂ ಫೋರ್ತ್ ಬ್ಲಾಕಿನಲ್ಲಿ ಕೆಲಸವಿತ್ತು. ಸಪ್ಪಲಮ್ಮನಿಗೆ ಸೀರೆಗೆ ಮ್ಯಾಚಿಂಗ್ ಬ್ಲೌಸ್ ಪೀಸು, ಸುಧಾಮಣಿಗೆ ಕುಕ್ಕರಿನ ಗ್ಯಾಸ್ಕೆಟ್ಟು, ಅಂಜನಮ್ಮನಿಗೆ ಇವರಿಬ್ಬರೂ ಏನು ಕೊಳ್ಳುತ್ತಾರೆ ಅಂತ ನೋಡುವುದು.

ಐದಕ್ಕೆ ಹೊರಟರು. ಸ್ಟೀರಿಂಗಿನಲ್ಲಿ ಸೋಮಲಿಂಗಪ್ಪ, ಪಕ್ಕದಲ್ಲಿ ಮೈಸೂರು ಸಿಲ್ಕಿನ ಕಮಲಾದೇವಿ, ಹಿಂದೆ ನಾಲ್ವರು. ಮೂರನೇ ಕ್ರಾಸಿನ ಹಂಪು ಬಂತು. ಸೋಮಲಿಂಗಪ್ಪ ಉಸಿರು ಬಿಗಿ ಹಿಡಿದ. ಜೀಪು ತುಪ್ಪದಲ್ಲಿ ಜಾರಿದ ಹೋಳಿಗೆಯಂತೆ ಹತ್ತಿ ಇಳಿಯಿತು. ಕಮಲಾದೇವಿ ಸೊಂಟ ಮುಟ್ಟಿ ನೋಡಿಕೊಂಡಳು. ಏನೂ ಆಗಿರಲಿಲ್ಲ. ಸಿದ್ದರಾಜುವನ್ನು ಮಧ್ಯಾಹ್ನದಿಂದ ಬೈದುಕೊಂಡದ್ದಕ್ಕೆಲ್ಲ ಸೋಮಲಿಂಗಪ್ಪ ಮನಸ್ಸಿನಲ್ಲೇ ಕ್ಷಮೆ ಕೇಳಿದ.

ಅರೆಕೆರೆ ದಾಟುವಾಗ ಅಂಜನಮ್ಮನಿಗೆ ಅಲ್ಲೇ ಹತ್ತಿರದಲ್ಲಿರುವ ನಾದಿನಿಯ ನೆನಪಾಗಿ, ತನ್ನನ್ನು ಇಲ್ಲೇ ಇಳಿಸಿ ಅಂದಳು. ಸೋಮಲಿಂಗಪ್ಪ ಬ್ರೇಕಿನ ಮೇಲೆ ಕಾಲನ್ನೇ ಇಡಲಿಲ್ಲ. ನೀವು ಇಳಿದರೆ ಸಸ್ಪೆನ್ಷನ್ ಕೆಡುತ್ತೆ ಅಂತ ಮೆತ್ತಗೆ ಹೇಳಿದ. ಅಂಜನಮ್ಮನಿಗೆ ಆ ಮಾತಿನಲ್ಲಿ ಏನೋ ಮರ್ಯಾದೆ ಕಂಡಿತು. ಸುಮ್ಮನೆ ಕೂತಳು.

ಸಿಗ್ನಲ್ಲಿನ ಹತ್ತಿರ ಎಡಕ್ಕೆ ತಿರುಗಿದಾಗ ಮುಂದಿನಿಂದ ಘರ್ರ್ ಅಂತ ಸದ್ದು ಬಂತು, ಹಿಂದೆಯೇ ರಬ್ಬರು ಸುಟ್ಟ ವಾಸನೆ. ಸೋಮಲಿಂಗಪ್ಪ ಗಾಡಿ ಬದಿಗೆ ಹಾಕಿ ಇಳಿದು ನೋಡಿದ. ದೊಡ್ಡ ಟೈರು ಮಡ್‌ಗಾರ್ಡಿಗೆ ಉಜ್ಜಿ ಬೆರಳುದ್ದದ ಗೀರು ಬಿದ್ದಿತ್ತು. ಎಲ್ಲರೂ ಕತ್ತು ಹೊರಗೆ ಹಾಕಿ ಒಬ್ಬೊಬ್ಬರು ಒಂದೊಂದು ಸಲಹೆ ಕೊಟ್ಟರು. ಟೈರಿಗೆ ಕೊಬ್ಬರಿ ಎಣ್ಣೆ ಸವರಿ ಅಂದದ್ದು ಸುಧಾಮಣಿ. ಸೋಮಲಿಂಗಪ್ಪ ಮತ್ತೆ ಸಿದ್ದರಾಜುವಿಗೆ ಫೋನ್ ಹಚ್ಚಿದ. ಟ್ರಾಫಿಕ್ಕಿನ ಸದ್ದಿನಲ್ಲಿ ಕೇಳಿಸುವುದಿಲ್ಲ ಅಂತ ಉಗ್ರಪ್ಪ ಕೈ ನೀಡಿ ಸ್ಪೀಕರ್ ಒತ್ತಿದ.

"ಎಲ್ಲಿ ಉಜ್ತಿದೆ ಸಾರ್?"

"ಮುಂದೆ. ಬಲಗಡೆ."

"ಆ ಮೂಲೇಲಿ ಯಾರು ಕೂತಿರೋದು?"

"ನಾನೇ."

ಜೀಪಿನೊಳಗಿನ ಕತ್ತುಗಳೆಲ್ಲ ಫೋನಿನ ಕಡೆ ವಾಲಿದವು.

"ತೂಕ ಎಷ್ಟು ಸಾರ್ ನಿಮ್ದು?"

"ಒಂದು ಎಂಬತ್ತು ಇರಬಹುದು."

"ತೊಂಬತ್ತಾರು," ಅಂದಳು ಕಮಲಾದೇವಿ.

ಅಲ್ಲಿ ಐವತ್ತು ಐವತ್ತೈದರ ಆಳು ಕೂತರೆ ಉಜ್ಜುವುದಿಲ್ಲ ಅಂದ ಸಿದ್ದರಾಜು. ಹಾಗಾದರೆ ತಾನು ಹಿಂದೆ ಕೂರಲೇ ಅಂತ ಸೋಮಲಿಂಗಪ್ಪ ಕೇಳಿದ. ಹಿಂದೆ ಈಗಾಗಲೇ ಭರ್ತಿ, ನೀವು ಹತ್ತಿದರೆ ಹಿಂದಿನ ಟೈರೂ ಉಜ್ಜುತ್ತೆ ಅಂತ ಉತ್ತರ ಬಂತು. ಸೋಮಲಿಂಗಪ್ಪ ಹಿಂದಿನ ಸೀಟಿನ ಹೆಂಗಸರ ಮುಖ ನೋಡಿದ. ಯಾರಾದರೂ ಒಬ್ಬರು ಇಳಿದರೆ ಆಗುತ್ತಿತ್ತು. ಈಗಷ್ಟೇ ನಾದಿನಿಯ ಮನೆಗೆ ಹೊರಟಿದ್ದ ಅಂಜನಮ್ಮ, ಅವಳು ಈ ಹೊತ್ತಿನಲ್ಲಿ ಮನೆಯಲ್ಲಿ ಇರಲಿಕ್ಕಿಲ್ಲ ಅಂದಳು.

ಅಷ್ಟರಲ್ಲಿ ಉಗ್ರಪ್ಪ ಹಿಂದಿನಿಂದ ಇಳಿದು ಬಂದು ಸ್ಟೀರಿಂಗ್ ಹಿಡಿದು ಕೂತಾಗಿತ್ತು. ಕನ್ನಡಿ ಸರಿಮಾಡಿಕೊಂಡ. ಸೀಟನ್ನು ನಾಲ್ಕಿಂಚು ಮುಂದಕ್ಕೆ ಎಳೆದುಕೊಂಡ.

"ಹಿಂದೆ ಬರ್ತಿರೋ ಬಸ್ಸು ಫೋರ್ತ್ ಬ್ಲಾಕಿಗೆ ಹೋಗುತ್ತೆ. ಓಡಿ, ಸಿಗುತ್ತೆ," ಅಂದ.

ಸೋಮಲಿಂಗಪ್ಪ ಹೆಂಡತಿಯನ್ನು ನೋಡಿದ. ಮುಹೂರ್ತ ಆರಕ್ಕೆ ಅಂತ ಅವಳು ನೆನಪಿಸಿದಳು. ಜೀಪು ಸದ್ದಿಲ್ಲದೆ, ಉಜ್ಜದೆ, ಕುಲುಕದೆ ಹೋಯಿತು. ಹಿಂದಿನಿಂದ ನೋಡಲು ಬಹಳ ಚೆನ್ನಾಗಿ ಕಾಣುತ್ತಿತ್ತು.

ಬಸ್ಸು ಸಿಕ್ಕಿತು, ಸೀಟು ಸಿಗಲಿಲ್ಲ. ಫೋರ್ತ್ ಬ್ಲಾಕಿನವರೆಗೂ ಒಂದೇ ಕಾಲಿನ ಮೇಲೆ ನಿಂತು, ಅಂಗಿಯೊಳಗಿನ ಮರಳು ಒಂದೊಂದೇ ಕಾಳಾಗಿ ಸೊಂಟಕ್ಕೆ ಇಳಿಯುವುದನ್ನು ಅನುಭವಿಸುತ್ತ ಅವನು ಹಾಲ್ ಸೇರಿದಾಗ ಏಳಾಗಿತ್ತು. ಉಂಗುರ ತೊಡಿಸಿ ಆಗಿತ್ತು. ನಿಶ್ಚಿತಾರ್ಥಕ್ಕೆ ಕರೆಯದಿದ್ದರೂ ಉಗ್ರಪ್ಪ, ಸಪ್ಪಲಮ್ಮ, ಅಂಜನಮ್ಮ, ಸುಧಾಮಣಿ ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂತಿದ್ದರು.

ಕಮಲಾದೇವಿ ನಗುತ್ತ ಎದುರಿಗೆ ಬಂದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ಅವನ ಖರೀದಿಯೊಂದನ್ನು ಹೊಗಳಿದ್ದು ಅದೇ ಮೊದಲು.

"ರೀ, ಸೊಂಟಕ್ಕೆ ಏನೂ ಆಗಿಲ್ಲ. ಹೂವಿನ ಪಲ್ಲಕ್ಕಿ ಹಾಗಿತ್ತು. ಜೀಪು ಮಾರೋದು ಬೇಡ."

ಸೋಮಲಿಂಗಪ್ಪನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಹಾಗಾದರೆ ನಾಳೆ ಬೆಟ್ಟಕ್ಕೆ ಹೋಗಬಹುದಲ್ಲ ಅಂತ ಕೇಳಿದ.

"ಹೋಗ್ತಾ ಇದೀವಲ್ಲ. ನಾನು ಶಿವರಾಮ್ ಅವರಿಗೆ ಫೋನ್ ಮಾಡಿ ಮಾತಾಡಿದೆ. ಬೆಟ್ಟದ ದಾರಿ ಕೆಟ್ಟದಾಗಿದೆಯಂತೆ, ಗಾಡಿ ಸರಿಯಾದ ತೂಕದಲ್ಲೇ ಬರಬೇಕು ಅಂದ್ರು. ಅದಕ್ಕೆ ಪಟ್ಟಿಯಲ್ಲಿ ನಿಮ್ಮ ಹೆಸರು ತೆಗೆಸಿ ಉಗ್ರಪ್ಪನವರದು ಹಾಕಿಸಿದೀನಿ. ನಾವು ನಾಲ್ಕು ಜನ ಹೆಂಗಸರು, ಅವರೊಬ್ಬರು. ಸಪ್ಪಲಮ್ಮ ಪುಳಿಯೋಗರೆ ತರ್ತಾರೆ."

ಸೋಮಲಿಂಗಪ್ಪ ಬಾಯಿ ತೆರೆದ. ಬಡಿಸುವವನೊಬ್ಬ ತಟ್ಟೆಯಲ್ಲಿ ಜಿಲೇಬಿ ಹಿಡಿದು ಅವನ ಮುಂದೆ ನಿಂತ. ಕಮಲಾದೇವಿ, ಅವರಿಗೆ ಬೇಡ ಅಂತ ಹೇಳಿ ಕಳಿಸಿದಳು.

ಅಷ್ಟರಲ್ಲಿ ಕೈತೊಳೆದು ಬಂದ ಉಗ್ರಪ್ಪ ಜೇಬಿನಿಂದ ಮೂರು ಸ್ಪೇರ್ ಬೀಗದ ಕೈಗಳನ್ನು ತೆಗೆದು ಸೋಮಲಿಂಗಪ್ಪನ ಅಂಗೈಯಲ್ಲಿ ಇಟ್ಟ. ಒಂದು ತನ್ನ ಮನೆಯದು, ಒಂದು ಅಂಜನಮ್ಮನದು, ಇನ್ನೊಂದು ಸುಧಾಮಣಿಯದು.

"ನಾಳೆ ನಾವು ಐದಕ್ಕೇ ಹೊರಡ್ತೀವಿ. ಆರು ಗಂಟೆಗೆ ಕಾವೇರಿ ನೀರು ಬಿಡ್ತಾರೆ. ಮೂರೂ ಮನೆ ಮೋಟಾರ್ ಹಾಕಿಬಿಡಿ," ಅಂದ. ಸ್ವಲ್ಪ ಯೋಚಿಸಿ, ಸೋಮಲಿಂಗಪ್ಪನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, "ನಮ್ಮನೇ ಮೋಟಾರ್ ಸ್ವಿಚ್ಚು ಟೆರೇಸ್ ಮೇಲಿದೆ. ಕಬ್ಬಿಣದ ಏಣಿ. ನಿಧಾನವಾಗಿ ಹತ್ತಿ," ಅಂದ.