ಚಮಚ ನಿಲ್ಲುವ ಸ್ಮೃತಿ

ನಮ್ಮ ದೊಡ್ಡಮ್ಮ ಬರೀ ಬಾಳೆಹಣ್ಣಿನಿಂದ ಮೂರು ಮಿಕ್ಸಿ ಕೊಂದವಳು. ಮೂರೋ ಎರಡೋ, ಆಣೆ ಮಾಡಿ ಹೇಳಲಾರೆ. ಇದರಲ್ಲಿ ನಾನು ಕಣ್ಣಾರೆ ಕಂಡದ್ದೆಷ್ಟು, ಕೇಳಿ ಕೇಳಿ ಕಂಡಂತಾದದ್ದೆಷ್ಟು ಎಂಬುದೇ ನನಗೆ ಅನುಮಾನ. ಅವಳನ್ನು ಕೇಳಿದರೆ, "ನಾನೆಲ್ಲಿ ಕೊಂದೆ? ಅವು ತಾವಾಗೇ ಸತ್ತದ್ದು!" ಎನ್ನುತ್ತಾಳೆ.

ದೊಡ್ಡಪ್ಪನಿಗೆ ಪಾರ್ಶ್ವವಾಯು ಬಡಿದು, ನೀರು ಕುಡಿದರೂ ನೆತ್ತಿಗೆ ಹತ್ತುತ್ತಿತ್ತು. ಕೊಪ್ಪದ ಡಾಕ್ಟರು, "ತೆಳ್ಳಗಿನದು ಬೇಡ, ಹಣ್ಣಿನ ಸ್ಮೂದಿ ಗಟ್ಟಿಯಾಗಿ ಮಾಡಿ ಕೊಡಿ. ಅದೂ ಇಳಿಯದಿದ್ರೆ ಮೂಗಿಗೆ ಪೈಪ್ ಹಾಕ್ಬೇಕಾಗ್ತದೆ" ಎಂದರು. ಪೈಪ್ ಎಂದದ್ದು ದೊಡ್ಡಮ್ಮನಿಗೆ ಸರಿಯಾಗಿಯೇ ಕೇಳಿಸಿತು. ಸ್ಮೂದಿ ಮಾತ್ರ ‘ಸ್ಮೃತಿ’ ಆಯಿತು. ಶೃಂಗೇರಿಯಲ್ಲಿ ಹುಟ್ಟಿ ಬೆಳೆದ ಕಿವಿಗೆ ಇನ್ನೇನು ಕೇಳಿಸೀತು?

ಅಂದಿನಿಂದ ಫ್ರೀಜರಿನ ತುಂಬ ಪುಟ್ಟಬಾಳೆಯ ಹೋಳು. ಮೊಣಕಾಲು ನೋವೆಂದು ನಾನು ಐಸ್ ಕೇಳಿದರೆ ಕಲ್ಲಾದ ಬಾಳೆಹಣ್ಣಿನ ಡಬ್ಬ ಕೊಟ್ಟಳು! "ಇಟ್ಕೊ ಮಾಣಿ. ಕರಗೂ ಮೊದ್ಲು ವಾಪಸ್ ಕೊಡು."

ಮಿಕ್ಸಿ ಹೊಗೆ ಬಿಟ್ಟಿತು. ರಿಪೇರಿಯವನು ಜಾರಿನೊಳಗೆ ಇಣುಕಿ, "ಎಂತ ಅರೆದ್ರಿ ಅಮ್ಮ, ಜಲ್ಲಿಯಾ?" ಎಂದ.

"ಅಲ್ಲ ಮಾರಾಯ, ಸ್ಮೃತಿ."

"ಅದು ಮಿಕ್ಸಿಯಲ್ಲಿ ಆಗೂದಿಲ್ಲ ಅಮ್ಮ, ಶೃಂಗೇರಿಗೇ ಹೋಗ್ಬೇಕು!"

ಲೋಟದಲ್ಲಿ ಚಮಚ ನೆಟ್ಟಗೆ ನಿಂತರೆ ಪಾಸು, ವಾಲಿದರೆ ಮತ್ತೆ ಮಿಕ್ಸಿಗೆ. ಇದು ದೊಡ್ಡಮ್ಮನ ಪರೀಕ್ಷೆ. ಎಂ.ಎಸ್ಸಿ. ಓದಿದ ನಾನು ಸುಮ್ಮನಿರುವುದುಂಟೇ? "ದೊಡ್ಡಮ್ಮ, ಚಮಚದ ತೂಕ, ಲೋಟದ ಅಗಲ, ಎಲ್ಲ ಲೆಕ್ಕಕ್ಕೆ ಬರ್ತದೆ" ಎಂದೆ.

"ಹೌದಾ? ಹಾಗಾದ್ರೆ ನಿನ್ನ ಯುನಿವರ್ಸಿಟಿಯನ್ನ ಇದ್ರಲ್ಲಿ ನಿಲ್ಸು, ನೋಡ್ವ!"

ಆದರೆ ಒಂದು ಪೇಚಿತ್ತು. ದೊಡ್ಡಪ್ಪ ತಿನ್ನುವುದು ನಿಧಾನ. ಅರ್ಧ ಲೋಟ ಮುಗಿಯುವಷ್ಟರಲ್ಲಿ ಬಾಳೆಹಣ್ಣು ಕರಗಿ ನೀರಾಗುತ್ತಿತ್ತು. ಚಮಚ ಮಲಗುತ್ತಿತ್ತು, ಕೆಮ್ಮು ಏಳುತ್ತಿತ್ತು. ಕೆಮ್ಮು ಎದ್ದಾಗೆಲ್ಲ ದೊಡ್ಡಮ್ಮ ಪೈಪನ್ನೇ ಕಂಡವಳಂತೆ ಲೋಟ ಕಿತ್ತುಕೊಳ್ಳುತ್ತಿದ್ದಳು. ಮಾವಿನಹಣ್ಣು ಸೇರಿಸಿದಳು, ನಾರು ಸಿಕ್ಕಿತು. ಚಿಕ್ಕು ಹಾಕಿದಳು, ದೊಡ್ಡಪ್ಪ ಮುಖ ಸಿಂಡರಿಸಿದರು. ಕಡೆಗೆ ನರಸಿಂಹರಾಜಪುರದಲ್ಲಿರುವ ಅವಳ ತಂಗಿ ಕಾಫಿತೋಟದ ಬೆಣ್ಣೆಹಣ್ಣು ಕಳಿಸಿದಳು. ಬಾಳೆಹಣ್ಣಿನ ಜೊತೆ ಅದನ್ನೂ ಅರೆದದ್ದೇ ತಡ, ಸ್ಮೃತಿ ಬೆಣ್ಣೆಯಂತಾಯಿತು, ಕರಗಿದರೂ ತೆಳ್ಳಗಾಗಲೊಲ್ಲದು!

ಒಂದೊಂದೇ ಚಮಚ. ನಾವಿಬ್ಬರೂ ಕೆಮ್ಮಿಗೆ ಕಾದೆವು. ಬರಲಿಲ್ಲ. ಲೋಟದ ತಳ ಕಂಡಿತು. ದೊಡ್ಡಪ್ಪ ತೊದಲುತ್ತ, "ಶ್ರುತಿ ಕಿವಿಗೆ, ಸ್ಮೃತಿ ಹೊಟ್ಟೆಗೆ" ಎಂದರು.

"ಬಾಯಲ್ಲಿ ಇಟ್ಕೊಂಡು ಮಾತಾಡ್ಬೇಡಿ!" ದೊಡ್ಡಮ್ಮ ಗದರಿದಳು. ಗದರುತ್ತಲೇ ಸೆರಗಿನಿಂದ ಅವರ ಗಲ್ಲ ಒರೆಸಿದಳು, ಒರೆಸಲು ಅಲ್ಲೇನೂ ಇಲ್ಲದಿದ್ದರೂ.

ಆ ಮಾತನ್ನು ಅವರು ನಿಜಕ್ಕೂ ಹೇಳಿದರೋ, ಆಮೇಲೆ ನಾವೇ ಕಟ್ಟಿದೆವೋ, ನನಗೆ ಗೊತ್ತಿಲ್ಲ. ದೊಡ್ಡಪ್ಪ ಹೋಗಿ ವರ್ಷ ಕಳೆದ ಮೇಲೆ ಡಾಕ್ಟರನ್ನು ಕೇಳಿ ಖಾತ್ರಿ ಮಾಡಿಕೊಂಡದ್ದು ಒಂದೇ: ಆ ಪೈಪನ್ನು ಕೊನೆಯವರೆಗೂ ಹಾಕಲಿಲ್ಲ.